ಕಡತಗಳ ಆಯುರ್ದಾಯ

ವ್ಯಾಪಾರಸಂಸ್ಥೆಗಳ ಬರವಣಿಗೆಯನ್ನು ವಿಮರ್ಶಕನು ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಮುಟ್ಟಿದರೂ ಜಾಹೀರಾತನ್ನೋ ವಾರ್ಷಿಕ ವರದಿಯನ್ನೋ ಮುಟ್ಟಿಯಾನೇ ಹೊರತು, ಯಾವ ಕಾಗದವನ್ನು ಎಷ್ಟು ವರ್ಷ ಇಟ್ಟುಕೊಂಡು ಯಾವ ದಿನ ನಾಶಮಾಡತಕ್ಕದ್ದೆಂದು ವಿಧಿಸುವ ಸಂರಕ್ಷಣಾವಧಿಯ ಪಟ್ಟಿಯತ್ತ, ಎಂದರೆ ಕಚೇರಿಯವರು ರಿಟೆನ್ಷನ್ ಶೆಡ್ಯೂಲ್ ಎಂದು ಕರೆಯುವ ಆ ನೀರಸವಾದ ಕೋಷ್ಟಕದತ್ತ, ಕಣ್ಣೆತ್ತಿಯೂ ನೋಡಲಾರನು. ಆದರೂ ಹತ್ತಾರು ದೇಶಗಳಲ್ಲಿ ವ್ಯವಹರಿಸತಕ್ಕ ಬಹುರಾಷ್ಟ್ರೀಯ ಸಂಸ್ಥೆಯೊಂದು ತನ್ನ ವಿಷಯವಾಗಿ ತಾನೇ ಬರೆದುಕೊಳ್ಳುವ ಬರವಣಿಗೆಗಳಲ್ಲಿ ಇದರಷ್ಟು ಸತ್ಯವನ್ನು ಹೊರಗೆಡಹುವುದು ಇನ್ನೊಂದಿಲ್ಲವೆಂದು ನನ್ನ ಎಣಿಕೆ. ಸಂಸ್ಥೆಯು ಏನನ್ನು ಜ್ಞಾಪಕದಲ್ಲಿ ಇಟ್ಟುಕೊಳ್ಳಲು ಇಚ್ಛಿಸುತ್ತದೆ, ಏನನ್ನು ಮರೆಯಲು ಆತುರಪಡುತ್ತದೆ, ಯಾರಿಗೆ ಅಂಜುತ್ತದೆ, ಯಾರನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂಬುದೆಲ್ಲ ಅಲ್ಲಿ ಅಂಕಿಗಳ ರೂಪದಲ್ಲಿ, ಯಾವ ಅಲಂಕಾರವೂ ಇಲ್ಲದೆ, ಬರೆದಿಟ್ಟಿರುತ್ತದೆ.

ಪಟ್ಟಿಯ ಆಕಾರವೇನೋ ಸರಳವಾದುದೇ. ಎಡಗಡೆಯಲ್ಲಿ ದಾಖಲೆಯ ಬಗೆ: ಬೀಜಕ, ಒಡಂಬಡಿಕೆ, ವೇತನಪತ್ರ, ಆಡಳಿತಮಂಡಲಿಯ ನಡವಳಿ, ಯಂತ್ರದ ತಪಾಸಣಾಪತ್ರ ಎಂದು ಮುಂತಾಗಿ, ಪಕ್ಕದಲ್ಲಿ ದೇಶ, ಅದರ ಮುಂದೆ ಅವಧಿ, ಆ ಅವಧಿಯನ್ನು ಯಾವ ಘಟನೆಯಿಂದ ಎಣಿಸಬೇಕೆಂಬ ಸೂಚನೆ, ಆಧಾರವಾದ ಕಾನೂನು, ಕಡೆಯಲ್ಲಿ ಹೊಣೆಹೊತ್ತ ವಿಭಾಗ. ಸರ್ಕಾರಿ ಕಡತವನ್ನು ಮುಕ್ತಾಯಗೊಳಿಸುವಾಗ ಅದಕ್ಕೆ ಎ, ಬಿ, ಸಿ, ಡಿ ಎಂದು ವರ್ಗ ಹಾಕಿ ಅಭಿಲೇಖಾಲಯಕ್ಕೆ ಕಳುಹಿಸಿ ಬಲ್ಲ ನಮ್ಮ ಗುಮಾಸ್ತರಿಗೆ ಇದರ ತತ್ತ್ವ ಅಪರಿಚಿತವಲ್ಲ. ಆದರೆ ಸರ್ಕಾರಿ ಕಡತಕ್ಕೆ ಒಬ್ಬನೇ ಯಜಮಾನನುಂಟು. ಬಹುರಾಷ್ಟ್ರೀಯ ಸಂಸ್ಥೆಯ ಕಾಗದಕ್ಕಾದರೋ ಅದು ಕಾಲಿಟ್ಟ ದೇಶಕ್ಕೊಬ್ಬ ಯಜಮಾನ, ಮತ್ತು ಆ ಯಜಮಾನರಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ಸರಿಬರುವುದಿಲ್ಲ. ನಮ್ಮ 2013ರ ಕಂಪನಿ ಅಧಿನಿಯಮವು ಲೆಕ್ಕಪುಸ್ತಕಗಳನ್ನು ಕಡಮೆಯೆಂದರೆ 8 ಆರ್ಥಿಕ ವರ್ಷ ಇಟ್ಟಿರಬೇಕೆನ್ನುತ್ತದೆ; ಸಭಾನಡವಳಿಯ ಪುಸ್ತಕಕ್ಕೆ ಅದರ ನಿಯಮಗಳಲ್ಲಿ ಅಳಿವೇ ಇಲ್ಲ; ಸರಕು ಮತ್ತು ಸೇವಾ ತೆರಿಗೆಯ ಕಾನೂನು ವಾರ್ಷಿಕ ವಿವರಣಪತ್ರದ ಗಡುವಿನಿಂದ 72 ತಿಂಗಳನ್ನು ಎಣಿಸುತ್ತದೆ. ಜರ್ಮನಿಯ ವಾಣಿಜ್ಯ ಸಂಹಿತೆ ಲೆಕ್ಕಪುಸ್ತಕಕ್ಕೆ 10 ವರ್ಷವನ್ನೂ ವ್ಯಾಪಾರದ ಪತ್ರವ್ಯವಹಾರಕ್ಕೆ 6 ವರ್ಷವನ್ನೂ ಗೊತ್ತುಮಾಡಿ, ವೋಚರುಗಳಿಗೆ ಇದ್ದ 10 ವರ್ಷವನ್ನು 2025ರ ಆರಂಭದಿಂದ 8ಕ್ಕೆ ಇಳಿಸಿತು. ಬ್ರಿಟನ್ನಿನ ಕಂಪನಿ ಕಾನೂನಿನಲ್ಲಿ ಖಾಸಗಿ ಕಂಪನಿಗೆ 3 ವರ್ಷ, ಸಾರ್ವಜನಿಕ ಕಂಪನಿಗೆ 6. ಚೀನದ ನಿಯಮಕ್ಕೆ ಬಂದರೆ ವೋಚರು ಲೆಡ್ಜರುಗಳೆಲ್ಲ 30 ವರ್ಷ ಬದುಕಿರಬೇಕು. ಒಂದೇ ನಮೂನೆಯ ಬೀಜಕ, ಒಂದೇ ಗಣಕಯಂತ್ರದಲ್ಲಿ ಹುಟ್ಟಿದುದು, ಒಂದು ಊರಿನಲ್ಲಿ ಮೂರು ವರ್ಷಕ್ಕೆ ಸಾಯುತ್ತದೆ, ಇನ್ನೊಂದು ಊರಿನಲ್ಲಿ ಮುಪ್ಪಿನವರೆಗೆ ಇರುತ್ತದೆ.

ಈ ಗೊಂದಲಕ್ಕೆ ಸಂಸ್ಥೆಗಳು ಬಹುಕಾಲ ನೆಚ್ಚಿಕೊಂಡಿದ್ದ ಪರಿಹಾರ ಆಲಸ್ಯದ ಪರಿಹಾರವಾಗಿತ್ತು: ಎಲ್ಲ ದೇಶಗಳ ಅವಧಿಗಳಲ್ಲಿ ದೀರ್ಘತಮವಾದುದು ಯಾವುದೋ ಅದನ್ನೇ ಸರ್ವತ್ರ ಅನ್ವಯಿಸಿಬಿಡುವುದು. ಕಾನೂನುಗಳೆಲ್ಲ 'ಇಷ್ಟಕ್ಕೆ ಕಡಮೆಯಾಗದಂತೆ' ಎಂಬ ಒಂದೇ ಭಾಷೆಯಲ್ಲಿ ಮಾತನಾಡುತ್ತಿದ್ದಷ್ಟು ಕಾಲ ಅದು ನಡೆಯಿತು. ಹೆಚ್ಚು ಕಾಲ ಇಟ್ಟುಕೊಂಡವನನ್ನು ಯಾರೂ ದಂಡಿಸುತ್ತಿರಲಿಲ್ಲ, ಉಗ್ರಾಣದ ಬಾಡಿಗೆಯೊಂದು ಹೊರತು. 2018ರ ಮೇ 25ರಿಂದ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಜಿಡಿಪಿಆರ್ ನಿಯಮವು, ಉದ್ದೇಶ ತೀರಿದ ಮೇಲೆ ವ್ಯಕ್ತಿಯ ವಿವರವನ್ನು ಇಟ್ಟುಕೊಳ್ಳುವುದೇ ಅಪರಾಧವೆಂಬ ತತ್ತ್ವಕ್ಕೆ ಕಠೋರವಾದ ದಂಡದ ಬಲವನ್ನು ಕೊಟ್ಟು, ಆ ನೆಮ್ಮದಿಯನ್ನು ಕೆಡಿಸಿತು. ಮರುವರ್ಷವೇ ಡೆನ್ಮಾರ್ಕಿನಲ್ಲಿ ಒಂದು ಟ್ಯಾಕ್ಸಿ ಕಂಪನಿ ಸಿಕ್ಕಿಬಿದ್ದ ರೀತಿ ಸ್ವಾರಸ್ಯವಾಗಿದೆ: ಅದು ತನ್ನ ಪಟ್ಟಿಯ ಪ್ರಕಾರ ಎರಡು ವರ್ಷಕ್ಕೆ ಪ್ರಯಾಣಿಕರ ಹೆಸರನ್ನು ನಿಷ್ಠೆಯಿಂದ ಅಳಿಸುತ್ತಿತ್ತು, ದೂರವಾಣಿಯ ಸಂಖ್ಯೆಯನ್ನು ಮಾತ್ರ ಐದು ವರ್ಷ ಹಾಗೆಯೇ ಬಿಟ್ಟಿರುತ್ತಿತ್ತು, ತನ್ನ ಗಣಕವ್ಯವಸ್ಥೆ ಆ ಸಂಖ್ಯೆಯನ್ನು ಆಧರಿಸಿಯೇ ನಿಂತಿದೆಯೆಂಬ ಕಾರಣಕ್ಕೆ. ಹೀಗೆ ಉಳಿದಿದ್ದ ಸುಮಾರು 90 ಲಕ್ಷ ಪ್ರಯಾಣಗಳ ಲೆಕ್ಕಕ್ಕಾಗಿ ಅಲ್ಲಿನ ಪ್ರಾಧಿಕಾರ 12 ಲಕ್ಷ ಕ್ರೋನರ್ ದಂಡವನ್ನು ಸೂಚಿಸಿತು. ಅದೇ 2019ರಲ್ಲಿ ಬರ್ಲಿನ್ ನಗರದ ಪ್ರಾಧಿಕಾರವು ಡಾಯ್ಚೆ ವೋನೆನ್ ಎಂಬ ಬಾಡಿಗೆಮನೆಗಳ ಸಂಸ್ಥೆಗೆ 1.45 ಕೋಟಿ ಯೂರೋ ದಂಡ ವಿಧಿಸಿದ್ದು, ಬಾಡಿಗೆದಾರರ ವಿವರಗಳನ್ನು ಅಳಿಸಲು ಅನುಕೂಲವೇ ಇಲ್ಲದ ದಾಖಲೆಗೃಹವನ್ನು ಅದು ಕಟ್ಟಿಕೊಂಡಿತ್ತೆಂದು. ಆ ದಂಡದ ಸಿಂಧುತ್ವದ ವ್ಯಾಜ್ಯ ಮುಂದೆ ಲಕ್ಸೆಂಬರ್ಗಿನ ನ್ಯಾಯಾಲಯದವರೆಗೆ ಹೋಯಿತೆಂಬುದು ಬೇರೆ ಕಥೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ, ಬೇರೆ ಕಾನೂನು ಇಡಬೇಕೆಂದು ವಿಧಿಸಿರದ ಪಕ್ಷದಲ್ಲಿ, ಉದ್ದೇಶ ತೀರಿದೊಡನೆ ಅಳಿಸತಕ್ಕದ್ದೆನ್ನುತ್ತದೆ. ಇಟ್ಟರೆ ಒಂದು ಭಯ, ಬಿಟ್ಟರೆ ಇನ್ನೊಂದು ಭಯ. ಈ ಎರಡು ಭಯಗಳ ನಡುವೆ ಸಿಕ್ಕ ಇಕ್ಕಟ್ಟಾದ ಜಾಗದಲ್ಲಿ ಈಗಿನ ಪಟ್ಟಿಕಾರನು ತನ್ನ ಅಂಕಿಯನ್ನು ಹುಡುಕಬೇಕಾಗಿದೆ.

ಆದರೆ ಅಂಕಿಯೇ ಎಲ್ಲವೂ ಅಲ್ಲ. ಅಲ್ಲವೆಂಬುದನ್ನು ಮರೆತೇ ಬಹುಪಾಲು ಪಟ್ಟಿಗಳು ಕೆಡುತ್ತವೆ. ಏಳು ವರ್ಷವೋ ಎಂಟು ವರ್ಷವೋ ಎಂಬ ಚರ್ಚೆಗೆ ವಕೀಲರು ತಿಂಗಳುಗಟ್ಟಲೆ ಕಾಲವನ್ನು ವಿನಿಯೋಗಿಸುತ್ತಾರೆ. ಆ ಏಳನ್ನು ಎಲ್ಲಿಂದ ಎಣಿಸಬೇಕೆಂಬ ಪ್ರಶ್ನೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದುಹೋಗುತ್ತದೆ. ಜನನಕಾಲ ತಿಳಿಯದೆ ಆಯುರ್ದಾಯವನ್ನು ಗುಣಿಸಲು ಕುಳಿತ ಜೋಯಿಸನ ಅವಸ್ಥೆ ಆಮೇಲೆ ಕಡತಗಳನ್ನು ವಿಲೇವಾರಿ ಮಾಡುವವನದು. 'ಒಡಂಬಡಿಕೆ ಮುಕ್ತಾಯವಾದ ತರುವಾಯ 7 ವರ್ಷ' ಎಂದು ಬರೆಯುವುದು ಸುಲಭ. ಆ ಒಡಂಬಡಿಕೆ ಮುಕ್ತಾಯವಾಯಿತೆಂಬ ಸಂಗತಿ ದಾಖಲೆಗಳ ಉಗ್ರಾಣಕ್ಕೆ ತಿಳಿಯುವುದು ಹೇಗೆ? ಖರೀದಿ ವಿಭಾಗಕ್ಕೆ ಗೊತ್ತಿದ್ದೀತು, ಅವರು ಹೇಳಿರುವುದಿಲ್ಲ. ಒಡಂಬಡಿಕೆಯು ತನ್ನಷ್ಟಕ್ಕೆ ತಾನೇ ವರ್ಷವರ್ಷವೂ ನವೀಕರಣಗೊಳ್ಳುವ ಷರತ್ತುಳ್ಳದ್ದಾದರೆ ಅವರಿಗೂ ಗೊತ್ತಿರುವುದಿಲ್ಲ. ನೌಕರನ ಕಡತಕ್ಕೆ ಆತ ಕೆಲಸ ಬಿಟ್ಟ ದಿನ ಮೂಲವಾದರೆ, ಸಿಂಗಪುರದ ಶಾಖೆಯಿಂದ ಡಬ್ಲಿನ್ನಿನ ಶಾಖೆಗೆ ವರ್ಗವಾದವನು ಬಿಟ್ಟದ್ದೆಷ್ಟು, ಹಿಡಿದದ್ದೆಷ್ಟು? ಮೂಲಘಟನೆಯನ್ನು ಯಾರು, ಎಲ್ಲಿ, ಯಾವ ಗುರುತಿನಿಂದ ನಮೂದಿಸಬೇಕೆಂಬುದನ್ನು ಹೇಳದ ಪಟ್ಟಿಯನ್ನು ನಾನು ಪಟ್ಟಿಯೆಂದೇ ಎಣಿಸುವುದಿಲ್ಲ. ಅದು ಸದಾಶಯದ ಪ್ರಕಟಣೆ. ಇಂಥ ಪಟ್ಟಿಯಿದ್ದ ಕಡೆ ನಡೆಯುವುದು ಒಂದೇ: ಯಾವುದೂ ನಾಶವಾಗುವುದಿಲ್ಲ. ಯಾವುದೂ ನಾಶವಾಗದೆ ವರ್ಷಗಳು ಕಳೆದ ಮೇಲೆ, ಒಂದು ದಿನ, ಯಾವುದೋ ಭೀತಿಯ ನಿಮಿತ್ತವಾಗಿ, ನಿದ್ರಿಸುತ್ತಿದ್ದ ಪಟ್ಟಿ ಹಠಾತ್ತಾಗಿ ಎಚ್ಚರಗೊಳ್ಳುತ್ತದೆ.

ಆ ಎಚ್ಚರದ ಜಗತ್ಪ್ರಸಿದ್ಧ ನಿದರ್ಶನ ಆರ್ಥರ್ ಆಂಡರ್ಸನ್ ಸಂಸ್ಥೆಯದು. ಲೆಕ್ಕಪರಿಶೋಧಕರಲ್ಲಿ ಅಗ್ರಗಣ್ಯವೆನಿಸಿ, ಅಮೆರಿಕಾದಲ್ಲಿಯೇ ಸುಮಾರು 28,000 ಮಂದಿ ನೌಕರರನ್ನು ಹೊಂದಿದ್ದ ಈ ಸಂಸ್ಥೆ ಹ್ಯೂಸ್ಟನ್ ನಗರದ ಎನ್ರಾನ್ ಕಂಪನಿಯ ಲೆಕ್ಕಗಳನ್ನು ನೋಡುತ್ತಿತ್ತು. 2001ರ ಅಕ್ಟೋಬರ್ ತಿಂಗಳಲ್ಲಿ ಎನ್ರಾನಿನ ಲೆಕ್ಕಗಳು ಕುಸಿಯತೊಡಗಿದಾಗ, ಸಂಸ್ಥೆಯೊಳಗಿನ ವಕೀಲೆಯೊಬ್ಬರು ಸಹೋದ್ಯೋಗಿಗೆ ಕಳುಹಿಸಿದ ಒಂದು ಇ-ಮೇಲಿನಲ್ಲಿ, ದಾಖಲೆಗಳನ್ನು ಇಡುವ ವಿಷಯದಲ್ಲಿ ನಮಗೊಂದು ನೀತಿಯುಂಟಷ್ಟೆ, ತಂಡದವರಿಗೆ ಅದನ್ನು ಜ್ಞಾಪಿಸಿದರೆ ಒಳಿತು ಎಂಬರ್ಥದ ಮಾತನ್ನು ಬರೆದರು. ಒಂದೊಂದು ಶಬ್ದವೂ ನಿರ್ದೋಷವಾದುದು. ಸಂಸ್ಥೆಯ ನಿಯಮವನ್ನು ಪಾಲಿಸಿರೆಂದು ಹೇಳುವುದು ಯಾವಾಗ ತಪ್ಪಾದೀತು? ಅಕ್ಟೋಬರ್ 23ರಂದು ಎನ್ರಾನ್ ತಂಡದ ಮುಖ್ಯಸ್ಥನು ಅದೇ ಮಾತನ್ನು ಸಭೆಯಲ್ಲಿ ಹೇಳಿದನು. ಅಲ್ಲಿಂದ ಮುಂದೆ ಕಾಗದ ಕತ್ತರಿಸುವ ಯಂತ್ರಗಳು ಎಡೆಬಿಡದೆ ನಡೆದವು, ಸಹಸ್ರಾರು ಇ-ಮೇಲುಗಳು ಅಳಿದವು. ನವೆಂಬರ್ 8ರಂದು ಷೇರುಪೇಟೆಯ ನಿಯಂತ್ರಕರ ಸಮನ್ಸು ಕೈಸೇರಿದ ಮರುದಿನ, ಇನ್ನು ಸಾಕು, ನಿಲ್ಲಿಸಿರೆಂಬ ಆಜ್ಞೆ ಹೊರಟಿತು. 2002ರ ಜೂನಿನಲ್ಲಿ ಜ್ಯೂರಿ ಸಂಸ್ಥೆಯನ್ನು ಅಪರಾಧಿಯೆಂದಿತು. ಆಗಸ್ಟ್ ಮುಗಿಯುವುದರೊಳಗೆ ಅದು ಸಾರ್ವಜನಿಕ ಕಂಪನಿಗಳ ಲೆಕ್ಕಪರಿಶೋಧನೆಯಿಂದ ನಿವೃತ್ತವಾಯಿತು. ಮೂರು ವರ್ಷಗಳ ಅನಂತರ, 2005ರ ಮೇ 31ರಂದು, ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಏಕಕಂಠದಿಂದ ಆ ತೀರ್ಪನ್ನು ತಳ್ಳಿಹಾಕಿ, ಜ್ಯೂರಿಗೆ ಕೊಟ್ಟ ಬೋಧನೆಯಲ್ಲಿ ದೋಷವಿತ್ತೆಂದಿತು. ದಾಖಲೆಗಳ ನೀತಿಯನ್ನು ಸಂಸ್ಥೆಗಳು ಇಟ್ಟುಕೊಳ್ಳುವುದು, ಕೆಲವು ವಿಷಯಗಳು ಸರ್ಕಾರವೂ ಸೇರಿದಂತೆ ಅನ್ಯರ ಕೈಗೆ ಸಿಕ್ಕದಿರಲೆಂಬ ಉದ್ದೇಶವೂ ಅದರಲ್ಲಿರುವುದು ಸರ್ವಸಾಮಾನ್ಯವೆಂದೂ, ಸಾಮಾನ್ಯ ಪರಿಸ್ಥಿತಿಯಲ್ಲಿ ಅದನ್ನು ಪಾಲಿಸಿರೆನ್ನುವುದು ತಪ್ಪಲ್ಲವೆಂದೂ ಮುಖ್ಯ ನ್ಯಾಯಾಧೀಶ ರೆನ್‌ಕ್ವಿಸ್ಟ್ ಬರೆದರು. ಅಷ್ಟು ಹೊತ್ತಿಗೆ ನ್ಯಾಯ ಕೇಳಿದ ಸಂಸ್ಥೆ ಹೆಸರಿಗೆ ಮಾತ್ರ ಉಳಿದಿತ್ತು.

ಕಾನೂನಿನ ದೃಷ್ಟಿಯಿಂದ ಆ ತೀರ್ಪು ಸರಿಯಿರಬಹುದು. ನಾನು ವಿಮರ್ಶಿಸುತ್ತಿರುವುದು ಪಟ್ಟಿಯನ್ನು. 'ಸಾಮಾನ್ಯ ಪರಿಸ್ಥಿತಿ' ಎಂಬ ಆ ಮಾತಿನಲ್ಲಿಯೇ ಇಡೀ ವಿಚಾರ ಅಡಗಿದೆ. ಎಲ್ಲ ದಿನಗಳಲ್ಲಿಯೂ ನಡೆಯುತ್ತಿದ್ದ ಪಟ್ಟಿಗೆ ಅಪಾಯದ ದಿನ ಯಾರೂ ಜ್ಞಾಪಕಪತ್ರ ಬರೆಯಬೇಕಾಗಿರಲಿಲ್ಲ. ಜ್ಞಾಪಕಪತ್ರ ಬೇಕಾಯಿತೆಂಬುದೇ ಅದು ನಡೆಯುತ್ತಿರಲಿಲ್ಲವೆಂಬುದಕ್ಕೆ ಸಾಕ್ಷಿ. ಆದಕಾರಣ ಯಾವ ಪಟ್ಟಿಯ ಯೋಗ್ಯತೆಗಾದರೂ ಮೊದಲ ಒರೆಗಲ್ಲು ನೈರಂತರ್ಯ: ವ್ಯಾಜ್ಯವಿಲ್ಲದ, ತನಿಖೆಯಿಲ್ಲದ, ಯಾರೂ ನೋಡದಿರುವ ಮಾಮೂಲಿ ತಿಂಗಳಿನಲ್ಲಿ ಅದು ತನ್ನ ಕೆಲಸವನ್ನು ಮಾಡಿತೇ? ಮಾಡಿರದಿದ್ದರೆ ಆ ಸಂಸ್ಥೆಗೆ ಪಟ್ಟಿಯೇ ಇಲ್ಲವೆಂದು ಭಾವಿಸುವುದು ಕ್ಷೇಮ. ಆಂಡರ್ಸನ್ನಿನ ಪ್ರಕರಣದ ಬಿಸಿಯಲ್ಲಿ 2002ರ ಜುಲೈನಲ್ಲಿ ಹುಟ್ಟಿದ ಸಾರ್ಬೇನ್ಸ್-ಆಕ್ಸ್‌ಲಿ ಕಾನೂನು, ತನಿಖೆಗೆ ಅಡ್ಡಿಪಡಿಸುವ ಸಂಕಲ್ಪದಿಂದ ದಾಖಲೆಯನ್ನು ನಾಶಮಾಡಿದವನಿಗೆ 20 ವರ್ಷದವರೆಗೆ ಸೆರೆವಾಸವನ್ನು ಇಟ್ಟಿತು.

ಇಷ್ಟಕ್ಕೇ ನಿಂತಿದ್ದರೆ ವಿಮರ್ಶೆ ಸುಲಭವಾಗುತ್ತಿತ್ತು. ಆದರೆ ನೈರಂತರ್ಯದ ಒರೆಗಲ್ಲನ್ನು ಕಪಟವೂ ಗೆಲ್ಲಬಲ್ಲುದೆಂಬುದನ್ನು ಆಸ್ಟ್ರೇಲಿಯಾದ ಮೆಕ್ಕೇಬ್ ಮೊಕದ್ದಮೆ ತೋರಿಸಿತು. ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಿದ್ದ, ಹನ್ನೆರಡನೆಯ ವಯಸ್ಸಿನಲ್ಲಿ ಸಿಗರೇಟು ಹಿಡಿದಿದ್ದ ಮಹಿಳೆಯೊಬ್ಬರು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೋ ಸಂಸ್ಥೆಯ ಆಸ್ಟ್ರೇಲಿಯಾ ಶಾಖೆಯ ಮೇಲೆ ವಿಕ್ಟೋರಿಯಾ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದಾಗ, ಬೇಕಾದ ದಾಖಲೆಗಳು ಇರಲಿಲ್ಲ. ಸಂಸ್ಥೆಯ ಉತ್ತರ, ಅವು ನಮ್ಮ ದಾಖಲೆನೀತಿಯ ಪ್ರಕಾರ ಕ್ರಮವಾಗಿ ವಿಲೇವಾರಿಯಾಗಿವೆ ಎಂಬುದು. ಹಿಂದಿನ ದಾವೆಗಳು 1998ರಲ್ಲಿ ಮುಗಿದು, ಮುಂದಿನ ದಾವೆ ಬರುವುದಕ್ಕೆ ಮುನ್ನ ದೊರೆತ ಬಿಡುವಿನಲ್ಲಿ ಸಹಸ್ರಾರು ಕಾಗದಗಳೂ ಅವುಗಳ ಪ್ರತಿಬಿಂಬಗಳನ್ನು ತುಂಬಿದ್ದ ಸಿ.ಡಿ.ಗಳೂ ಹೋಗಿದ್ದವು. ಆ ದಿನ ಯಾವ ವ್ಯಾಜ್ಯವೂ ಬಾಕಿಯಿರಲಿಲ್ಲ. ಆದುದರಿಂದ ನಿಯಮಭಂಗವೂ ಇಲ್ಲ. ನ್ಯಾಯಮೂರ್ತಿ ಈಮ್ಸ್ ಅವರು 2002ರಲ್ಲಿ ಈ ನೀತಿಯ ಹಿಂದಿನ ಉದ್ದೇಶವೇ ಭಾವಿ ವಾದಿಗಳಿಗೆ ಸಾಕ್ಷ್ಯ ಸಿಕ್ಕದಂತೆ ಮಾಡುವುದಾಗಿತ್ತೆಂದು ಕಂಡು ಸಂಸ್ಥೆಯ ಪ್ರತಿವಾದವನ್ನೇ ತೆಗೆದುಹಾಕಿದರು. ಜ್ಯೂರಿ ಸುಮಾರು 7 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯ ಎಲ್ಲವನ್ನೂ ತಿರುಗಿಸಿತು, ದಾವೆ ಹೂಡುವ ಮುಂಚಿನ ನಾಶವನ್ನು ದಂಡಿಸಲು ಅದಕ್ಕಿಂತ ಗುರುತರವಾದ ದೋಷ ಸಿದ್ಧವಾಗಬೇಕೆಂದು. ವಾದಿಯು ಅಷ್ಟರಲ್ಲಿ ತೀರಿಕೊಂಡಿದ್ದರು. ಆ ತೀರ್ಪು ಬಿಟ್ಟ ಬಿರುಕನ್ನು ಮುಚ್ಚಲು ವಿಕ್ಟೋರಿಯಾದ ಶಾಸಕರು 2006ರಲ್ಲಿ, ವ್ಯಾಜ್ಯಕ್ಕೆ ಬೇಕಾಗುವ ಸಂಭವವುಂಟೆಂದು ಬಲ್ಲ ದಾಖಲೆಯನ್ನು ನಾಶಮಾಡುವುದೇ ಅಪರಾಧವೆಂಬ ಪ್ರತ್ಯೇಕ ಕಾನೂನನ್ನು ತಂದರು.

ಪಟ್ಟಿಗೆ ಹೀಗೆ ಎರಡನೆಯ ಒರೆಗಲ್ಲೂ ಬೇಕಾಗುತ್ತದೆ, ಅದು ಉದ್ದೇಶಶುದ್ಧಿ. ಅದನ್ನು ಅಳೆಯಲು ಮೊದಲನೆಯದರಂತೆ ಲೆಕ್ಕಪುಸ್ತಕ ಸಿಕ್ಕುವುದಿಲ್ಲ. ಆದರೂ ಒಂದು ಲಕ್ಷಣವನ್ನು ನಾನು ನೋಡುತ್ತೇನೆ: ಸಂಸ್ಥೆಗೆ ಅನುಕೂಲವಾದ ಕಾಗದಕ್ಕೂ ಪ್ರತಿಕೂಲವಾದ ಕಾಗದಕ್ಕೂ ಪಟ್ಟಿಯು ಒಂದೇ ಆಯುಷ್ಯವನ್ನು ಕೊಟ್ಟಿದೆಯೇ? ಪೇಟೆಂಟಿನ ಕಡತ ಶಾಶ್ವತ, ಗ್ರಾಹಕರ ದೂರಿನ ಕಡತ ಒಂದು ವರ್ಷ. ಪ್ರಯೋಗಾಲಯದ ಸಫಲ ಪರೀಕ್ಷೆ ಇಪ್ಪತ್ತು ವರ್ಷ, ವಿಫಲ ಪರೀಕ್ಷೆ ಎರಡು: ಇಂಥ ತಾರತಮ್ಯ ಕಂಡಲ್ಲಿ ಕಾನೂನಿನ ಆಧಾರವನ್ನು ಎಷ್ಟು ಉದ್ದವಾಗಿ ಬರೆದಿದ್ದರೂ ಪಟ್ಟಿಕಾರನ ಕೈ ಎತ್ತ ವಾಲಿತ್ತೆಂಬುದು ಬಚ್ಚಿಡಲಾಗದು. ಗೂಗಲ್ ಸಂಸ್ಥೆಯ ಪಟ್ಟಿಯಲ್ಲಿ ಇಂಥದೇ ಇನ್ನೊಂದು ಸೂಕ್ಷ್ಮವಿತ್ತು. ನೌಕರರ ಪರಸ್ಪರ ಸಂಭಾಷಣೆಗಳು, ಅವರೇ ಗುಂಡಿಯೊತ್ತಿ ಉಳಿಸಿಕೊಂಡ ಹೊರತು, 24 ಗಂಟೆಗಳಲ್ಲಿ ಅಳಿಯುತ್ತಿದ್ದವು; ವ್ಯಾಜ್ಯ ಬಂದ ಮೇಲೂ ಉಳಿಸುವ ವಿವೇಚನೆಯನ್ನು ಸಂಸ್ಥೆ ಒಬ್ಬೊಬ್ಬ ನೌಕರನಿಗೆ ಬಿಟ್ಟುಕೊಟ್ಟಿತ್ತು. 2023ರಲ್ಲಿ ಎಪಿಕ್ ಗೇಮ್ಸ್ ಮುಂತಾದವರ ಮೊಕದ್ದಮೆಯಲ್ಲಿ ನ್ಯಾಯಾಧೀಶ ಡೊನಾಟೊ ಇದನ್ನು ಕರ್ತವ್ಯಲೋಪವೆಂದು ನಿರ್ಣಯಿಸಿದರು. ಲೆಕ್ಕಪತ್ರಗಳಿಗೆ ವರ್ಷಗಳು, ಮನುಷ್ಯರು ನಿಜವಾಗಿ ಮಾತನಾಡಿಕೊಂಡದ್ದಕ್ಕೆ ಒಂದು ಹಗಲು ಒಂದು ರಾತ್ರಿ! ವ್ಯಾಜ್ಯದ ಸೂಚನೆ ಬಂದೊಡನೆ ಪಟ್ಟಿಯನ್ನೇ ತಡೆಹಿಡಿಯುವ ಲೀಗಲ್ ಹೋಲ್ಡ್ ಎಂಬ ಆಜ್ಞೆಯೂ ಪಟ್ಟಿಯ ಅಂಗವೇ ಎಂಬುದನ್ನು, ಅದು ವಕೀಲರ ಮೇಜಿನ ಪ್ರತ್ಯೇಕ ಕಾಗದವಲ್ಲವೆಂಬುದನ್ನು, ಇಷ್ಟು ದೊಡ್ಡ ಸಂಸ್ಥೆಯೂ ನ್ಯಾಯಾಲಯದಿಂದ ಕೇಳಿ ತಿಳಿಯಬೇಕಾಯಿತು.

ಪಟ್ಟಿಗಳಲ್ಲಿ ನಾನು ಮನಸಾರೆ ಮೆಚ್ಚುವ ಒಂದು ಸಾಲುಂಟು. ಅಮೆರಿಕಾದ ಕಾರ್ಮಿಕ ಸುರಕ್ಷಾ ನಿಯಮಗಳು ನೌಕರನ ವೈದ್ಯಕೀಯ ದಾಖಲೆಯನ್ನು ಆತನ ಉದ್ಯೋಗದ ಅವಧಿಯಷ್ಟು, ಅದರ ಮೇಲೆ 30 ವರ್ಷ ಇಡಬೇಕೆನ್ನುತ್ತವೆ. ಬ್ರಿಟನ್ನಿನಲ್ಲಿ ಅಪಾಯಕರ ವಸ್ತುಗಳೊಡನೆ ಕೆಲಸಮಾಡಿದವನ ಆರೋಗ್ಯದ ದಾಖಲೆಗೆ ಕಡೆಯ ನಮೂದಿನಿಂದ 40 ವರ್ಷ. ಈ ಅಂಕಿಗಳು ತೆರಿಗೆಯ ಅಧಿಕಾರಿಯ ಅನುಕೂಲದಿಂದ ಹುಟ್ಟಿದವಲ್ಲ, ವ್ಯಾಜ್ಯದ ಕಾಲಮಿತಿಯಿಂದಲೂ ಅಲ್ಲ. ಕಲ್ನಾರಿನ ಧೂಳನ್ನು ಯೌವನದಲ್ಲಿ ಉಸಿರಾಡಿದವನಿಗೆ ರೋಗ ತಲೆಯೆತ್ತುವುದು ಹಲವು ದಶಕಗಳ ಮೇಲೆಂಬ ದಾರುಣ ಜ್ಞಾನದಿಂದ ಹುಟ್ಟಿದವು. ಕಾರ್ಖಾನೆ ಮಾರಾಟವಾದರೆ ಈ ದಾಖಲೆಗಳನ್ನು ಕೊಂಡವನಿಗೆ ಒಪ್ಪಿಸತಕ್ಕದ್ದೆಂದೂ ಅಮೆರಿಕಾದ ನಿಯಮ ಹೇಳುತ್ತದೆ. ಪಟ್ಟಿಯ ನೂರಾರು ಸಾಲುಗಳಲ್ಲಿ ಸಂಸ್ಥೆಯ ಹೊರಗಿನ ಮನುಷ್ಯನ ಕಾಲಮಾನವನ್ನು ಹಿಡಿದು ಬರೆದ ಸಾಲು ಇದೊಂದೇ ಎಂದರೆ ಅತಿಶಯೋಕ್ತಿಯಾಗಲಾರದು. ಇದನ್ನೂ ಸಂಸ್ಥೆ ತಾನಾಗಿ ಬರೆಯಲಿಲ್ಲ, ಕಾನೂನು ಬರೆಯಿಸಿತು. ಅಂಥ ಕಾನೂನು ಸಡಿಲವಾಗಿರುವ ದೇಶದ ಕಾರ್ಖಾನೆಯಲ್ಲಿ ಅದೇ ಸಂಸ್ಥೆ ಅದೇ ದಾಖಲೆಗೆ ಎಷ್ಟು ವರ್ಷ ಕೊಟ್ಟಿದೆ ಎಂದು ನೋಡಿದರೆ ಅದರ ಔದಾರ್ಯದ ಅಳತೆ ಸಿಕ್ಕುತ್ತದೆ.

ಚರಿತ್ರಕಾರನ ಹಕ್ಕನ್ನು ಕುರಿತು ಪಟ್ಟಿಗಳು ಮೌನವಾಗಿವೆ. ಅಮೆರಿಕಾದ ಅಭಿಲೇಖತಜ್ಞ ಶೆಲೆನ್‌ಬರ್ಗ್ 1956ರ ತಮ್ಮ ಗ್ರಂಥದಲ್ಲಿ, ದಾಖಲೆಗೆ ಅದನ್ನು ಮಾಡಿದವರ ಪಾಲಿನ ಮೌಲ್ಯ ಬೇರೆ, ಆಮೇಲೆ ಬರುವ ಅನ್ಯರ ಪಾಲಿನ ಮೌಲ್ಯ ಬೇರೆ ಎಂದು ವಿಂಗಡಿಸಿದರು; ಸರ್ಕಾರಿ ದಾಖಲೆಗಳಿಗೆ ಈ ವಿವೇಕ ಸಂದಿತು, ವ್ಯಾಪಾರಸಂಸ್ಥೆಗಳಿಗೆ ಸಲ್ಲಲಿಲ್ಲ. ಹಿಂದಿನ ಬಹುರಾಷ್ಟ್ರೀಯ ಸಂಸ್ಥೆಗಳಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯದು ಸುಮಾರು 2.5 ಕೋಟಿ ಪುಟ ಉಳಿದಿದೆ, ಹೇಗ್, ಜಕಾರ್ತ, ಕೊಲಂಬೊ, ಕೇಪ್‌ಟೌನ್, ಚೆನ್ನೈಗಳಲ್ಲಿ ಹಂಚಿ. ಯುನೆಸ್ಕೋ 2003ರಲ್ಲಿ ಅದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಬಸರೂರಿನಲ್ಲಿ ಕೋಠಿಯಿಟ್ಟಿದ್ದ ಆ ಕಂಪನಿಯ ಅಕ್ಕಿ-ಮೆಣಸುಗಳ ವ್ಯಾಪಾರದ ಲೆಕ್ಕ, ಕೆಳದಿಯ ಅರಸರೊಡನೆ ಅದು ನಡೆಸಿದ ಚೌಕಾಸಿಯ ಪತ್ರಗಳು ಇಂದು ನಮ್ಮ ಕರಾವಳಿಯ ಚರಿತ್ರೆಗೆ ಆಕರ. ಇಂಗ್ಲಿಷರ ಕಂಪನಿಯ ಕಾಗದಗಳಲ್ಲಾದರೋ ಎಷ್ಟೋ, ಆಡಳಿತ ರಾಣಿಯ ಕೈಗೆ ಹೋದ ಮೇಲೆ ಲಂಡನ್ನಿನಲ್ಲಿ ಟನ್ನುಗಟ್ಟಲೆ ರದ್ದಿಗೆ ಮಾರಾಟವಾದವು. ಈಗಿನ ಪಟ್ಟಿ ಅಂದು ಡಚ್ಚರಿಗಿದ್ದಿದ್ದರೆ ಬಸರೂರಿನ ಲೆಕ್ಕ ಹತ್ತು ವರ್ಷಕ್ಕೆ ಬೂದಿಯಾಗುತ್ತಿತ್ತು, ಅದೂ ಸಂಪೂರ್ಣ ನಿಯಮಬದ್ಧವಾಗಿ.

ಇಂದು ಇಂಥ ಸಂಸ್ಥೆಗಳ ಪಟ್ಟಿ ರಚಿತವಾಗುವುದು ನ್ಯೂಯಾರ್ಕಿನಲ್ಲೋ ಜ್ಯೂರಿಕ್‌ನಲ್ಲೋ ಆದರೂ, ನಡೆಯುವುದು ಅನೇಕವೇಳೆ ಬೆಂಗಳೂರಿನಲ್ಲಿ, ಆ ಸಂಸ್ಥೆಗಳು ಇಲ್ಲಿ ತೆರೆದಿರುವ ಸೇವಾಕೇಂದ್ರಗಳಲ್ಲಿ. ಅವಧಿ ತೀರಿದ ದಾಖಲೆಗಳ ಯಾದಿಯನ್ನು ಗಣಕಯಂತ್ರ ಕೊಡುತ್ತದೆ. ಇಲ್ಲಿನ ತರುಣನೋ ತರುಣಿಯೋ ಅದನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಿ, ಇವುಗಳನ್ನು ಅಳಿಸಲು ಅಡ್ಡಿಯುಂಟೇ, ಯಾವುದರ ಮೇಲಾದರೂ ಹೋಲ್ಡ್ ಇದೆಯೇ ಎಂದು ಕೇಳುತ್ತಾರೆ. ಉತ್ತರ ಬಹುತೇಕ ಬರುವುದಿಲ್ಲ. ಆಗ ಏನು ಮಾಡತಕ್ಕದ್ದು? ಕೆಲವು ಸಂಸ್ಥೆಗಳಲ್ಲಿ ಗಡುವು ದಾಟಿದ ಮೌನ ಸಮ್ಮತಿಯೆನಿಸುತ್ತದೆ, ದಾಖಲೆ ಹೋಗುತ್ತದೆ. ಕೆಲವದರಲ್ಲಿ ಮೌನ ನಿರಾಕರಣೆಯೆನಿಸುತ್ತದೆ, ಯಾವುದೂ ಎಂದಿಗೂ ಹೋಗುವುದಿಲ್ಲ. ಮೊದಲನೆಯದರಲ್ಲಿ ವ್ಯಾಜ್ಯದ ಸಾಕ್ಷ್ಯ ಅಳಿಯುವ ಅಪಾಯ, ಎರಡನೆಯದರಲ್ಲಿ ಡೆನ್ಮಾರ್ಕಿನ ಟ್ಯಾಕ್ಸಿಯವರ ಅಪಾಯ. ಕಾನೂನು, ತೆರಿಗೆ, ಗಣಕ ವಿಭಾಗಗಳ ಹಿರಿಯರು ರುಜು ಹಾಕಿದ ಪಟ್ಟಿಯಲ್ಲಿ ಈ ಮೌನಕ್ಕೆ ಮಾತ್ರ ಅಂಕಣವಿಲ್ಲ. ಅದರ ಅರ್ಥವನ್ನು ನಿರ್ಣಯಿಸುವ ಭಾರ, ಆ ಸಂಸ್ಥೆಯಲ್ಲಿ ಅತ್ಯಂತ ಅಲ್ಪ ಅಧಿಕಾರವುಳ್ಳವರ ಮೇಲೆ ಬಿದ್ದಿದೆ. ಪಟ್ಟಿಯನ್ನು ಪರಿಷ್ಕರಿಸಹೊರಟವರು ಏಳೋ ಎಂಟೋ ಎಂಬ ಚರ್ಚೆಯನ್ನು ತುಸು ಹೊತ್ತು ಬದಿಗಿಟ್ಟು, ಉತ್ತರ ಬಾರದಿದ್ದಾಗ ಕಡತ ಯಾರ ಬಳಿಗೆ ಹೋಗಬೇಕು, ಆತ ಎಷ್ಟು ದಿನದೊಳಗೆ ತನ್ನ ಹೆಸರಿನಲ್ಲಿ ಹೌದು ಅಥವಾ ಅಲ್ಲ ಎಂದು ಬರೆಯಬೇಕು ಎಂಬ ಒಂದು ಸಾಲನ್ನು ಮೊದಲು ಸೇರಿಸಲಿ.